ಮೂತ್ರದ ದಾರಿ ತಿಳಿಯೋಣ, ನಾಚಿಕೆ ಬಿಡೋಣ
(ಸ್ವ-ಸಹಾಯ ಸಂಘಗಳ ಆರೋಗ್ಯ ಮಾಹಿತಿ ಸಭೆಯಲ್ಲಿ ಮಾತನಾಡಿದ್ದು)



ಸಂಘದಲ್ಲಿ ಉಳಿತಾಯ, ಸಾಲ, ಕಂತು ಎಲ್ಲವನ್ನೂ ಬಾಯಿಬಿಟ್ಟು ಮಾತಾಡ್ತೀವಿ. ಆದರೆ ಉಚ್ಚೆ ಉರಿಯುತ್ತೆ ಅಂತ ಹೇಳೋಕೆ ಮಾತ್ರ ನಾಚಿಕೆ. ಈ ನಾಚಿಕೆಯಿಂದಲೇ ಸಣ್ಣ ಕಾಯಿಲೆ ದೊಡ್ಡದಾಗುತ್ತದೆ. ಮೂತ್ರ ಎಲ್ಲಿ ಹುಟ್ಟಿ, ಯಾವ ದಾರಿಯಲ್ಲಿ ಬರುತ್ತದೆ ಎಂದು ತಿಳಿದರೆ ತೊಂದರೆ ಎಲ್ಲಿದೆ ಎಂಬುದೂ ತಿಳಿಯುತ್ತದೆ.

ಮೊದಲನೆಯದು ಮೂತ್ರಪಿಂಡ, ಅಂದರೆ ಕಿಡ್ನಿ. ಬೆನ್ನಿನ ಕಡೆ, ಪಕ್ಕೆಲುಬಿನ ಕೆಳಭಾಗದಲ್ಲಿ, ಬೆನ್ನುಮೂಳೆಯ ಆಚೆ ಈಚೆ ಒಂದೊಂದು ಇದೆ. ಆಕಾರ ಅವರೆಕಾಳಿನಂತೆ, ಗಾತ್ರ ನಮ್ಮ ಮುಷ್ಟಿಯಷ್ಟು. ಒಂದೊಂದರಲ್ಲೂ ಸುಮಾರು 10 ಲಕ್ಷ ಸಣ್ಣ ಜರಡಿಗಳಿವೆ. ಎರಡೂ ಸೇರಿ ದಿನಕ್ಕೆ ಸುಮಾರು 180 ಲೀಟರ್ ನೀರಿನಂಶವನ್ನು ರಕ್ತದಿಂದ ಸೋಸುತ್ತವೆ. ಬೇಕಾದ್ದನ್ನು ರಕ್ತಕ್ಕೇ ವಾಪಸ್ ಕೊಟ್ಟು, ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಬಿಡುತ್ತವೆ.

ಎರಡನೆಯದು ಮೂತ್ರನಾಳ. ಒಂದೊಂದು ಕಿಡ್ನಿಯಿಂದ ಒಂದೊಂದು ಇಳಿಯುತ್ತದೆ. ಉದ್ದ 25ರಿಂದ 30 ಸೆಂ.ಮೀ., ಅಗಲ 3-4 ಮಿ.ಮೀ. ತೋಟದ ಡ್ರಿಪ್ ಪೈಪಿನ ಹಾಗೆ ಸುಮ್ಮನೆ ಬಿದ್ದಿರುವುದಲ್ಲ, ತಾನೇ ಹಿಂಡಿ ಹಿಂಡಿ ಮೂತ್ರವನ್ನು ಕೆಳಗೆ ತಳ್ಳುತ್ತದೆ. ಇದರಲ್ಲಿ ಕಲ್ಲು ಸಿಕ್ಕಿಕೊಂಡರೆ ಪಕ್ಕೆಯಿಂದ ತೊಡೆಸಂದಿಯವರೆಗೆ ತಡೆಯಲಾರದ ನೋವು.

ಮೂರನೆಯದು ಮೂತ್ರಚೀಲ. ಕಿಬ್ಬೊಟ್ಟೆಯಲ್ಲಿ, ಗರ್ಭಕೋಶದ ಮುಂದೆ ಇದೆ. ಇದನ್ನು ಕೆರೆ ಅಂದುಕೊಳ್ಳಿ, ಬಾಯಲ್ಲಿ ಬಿಗಿಹಿಡಿಯುವ ಸ್ನಾಯುವೇ ತೂಬು. ಸುಮಾರು ಅರ್ಧ ಲೀಟರ್ ಹಿಡಿಯುತ್ತದೆ. ಅದಕ್ಕೂ ಮೊದಲೇ ‘ಹೋಗಬೇಕು’ ಅನ್ನಿಸುತ್ತದೆ.

ಕೊನೆಯದು ಹೊರಗೆ ಬಿಡುವ ನಾಳ. ಗಂಡಸರಿಗೆ ಇದು ಸುಮಾರು 20 ಸೆಂ.ಮೀ., ನಮಗೆ ಬರೀ 4 ಸೆಂ.ಮೀ. ಮಲದ್ವಾರವೂ ಹತ್ತಿರ. ಹಾಗಾಗಿ ರೋಗಾಣು ಬೇಗ ಒಳಗೆ ಸೇರುತ್ತದೆ. ಉರಿಮೂತ್ರ ಹೆಂಗಸರಿಗೆ ಜಾಸ್ತಿ ಬರುವುದು ಇದರಿಂದ. ಇದು ಶರೀರದ ರಚನೆ, ನಮ್ಮ ತಪ್ಪಲ್ಲ.

ಈಗ ನಮ್ಮ ಕೆಲಸದ ಕಡೆ ನೋಡೋಣ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಎಷ್ಟೋ ಹೆಣ್ಣುಮಕ್ಕಳು ಕೊಬ್ಬರಿ ಚಿಪ್ಪು ತೆಗೆಯುವಲ್ಲಿ, ನಾರಿನ ಘಟಕದಲ್ಲಿ ದಿನವಿಡೀ ಕೂರುತ್ತಾರೆ. ಶೌಚಾಲಯ ಇಲ್ಲದ ಕಡೆ ಮೂತ್ರ ಕಟ್ಟಿಕೊಳ್ಳುತ್ತಾರೆ. ಹೋಗಬೇಕಾಗುತ್ತೆ ಅಂತ ನೀರೇ ಕುಡಿಯೋದಿಲ್ಲ. ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗಿ ಕಲ್ಲಿಗೆ ದಾರಿ. ಕಟ್ಟಿಕೊಂಡರೆ ರೋಗಾಣು ಅಲ್ಲೇ ಬೆಳೆಯುತ್ತದೆ, ಮೇಲಕ್ಕೆ ಹತ್ತಿ ಕಿಡ್ನಿಗೂ ತಲುಪಬಹುದು. ಅಟ್ಟದ ಮೇಲಿನ ಕೊಬ್ಬರಿ ಒಣಗಬೇಕು, ನಾವು ಒಣಗಬಾರದು.

ನೆನಪಿಡಬೇಕಾದ್ದು:

1. ಮೂತ್ರ ತಿಳಿಹಳದಿ ಇರುವಷ್ಟು ನೀರು ಕುಡಿಯಿರಿ. 3-4 ಗಂಟೆಗೊಮ್ಮೆ ಹೋಗಿ ಬನ್ನಿ.

2. ಮುಂದಿನಿಂದ ಹಿಂದಕ್ಕೆ ತೊಳೆಯಿರಿ.

3. ಉರಿ ಇದ್ದರೆ ಮೂತ್ರ ಪರೀಕ್ಷೆ ಮಾಡಿಸಿ. ಡಾಕ್ಟರು ಕೊಟ್ಟ ಮಾತ್ರೆ ಅರ್ಧಕ್ಕೆ ಬಿಡಬೇಡಿ. ಚಳಿಜ್ವರ, ಪಕ್ಕೆನೋವು, ಮೂತ್ರದಲ್ಲಿ ರಕ್ತ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಬಸುರಿಯರು ಇದನ್ನು ಕಡೆಗಣಿಸಲೇಬಾರದು, ದಿನ ತುಂಬುವ ಮೊದಲೇ ಹೆರಿಗೆಯಾಗಬಹುದು.

4. ಸಕ್ಕರೆ ಕಾಯಿಲೆ, ಬಿ.ಪಿ. ಇರುವವರು ವರ್ಷಕ್ಕೊಮ್ಮೆ ಮೂತ್ರದ ಆಲ್ಬುಮಿನ್, ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ. ಕಿಡ್ನಿ ಹಾಳಾಗುವಾಗ ಮೊದಮೊದಲು ಏನೂ ನೋವಿರುವುದಿಲ್ಲ.

5. ಮೈಕೈ ನೋವಿಗೆ ಅಂಗಡಿ ಮಾತ್ರೆ ದಿನಾ ನುಂಗಬೇಡಿ. ಅದೂ ಕಿಡ್ನಿಗೆ ಪೆಟ್ಟು.

ಇನ್ನೊಂದು ಮಾತು. ನಮ್ಮ ಸೀಮೆಯಲ್ಲಿ ಕಾಯಿಲೆ ಅಂದ ತಕ್ಷಣ ಎಳನೀರು ಕೊಡ್ತೀವಿ. ಆರೋಗ್ಯವಂತರಿಗೆ ಒಳ್ಳೆಯದೇ. ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು. ಕಿಡ್ನಿ ಸೋತವರಿಗೆ ಅದನ್ನು ಹೊರಹಾಕಲು ಆಗದೆ ಹೃದಯ ಬಡಿತವೇ ತಪ್ಪಬಹುದು. ಅಂಥವರಿಗೆ ಡಾಕ್ಟರನ್ನು ಕೇಳದೆ ಪ್ರೀತಿಯಿಂದ ಕೂಡ ಕೊಡಬೇಡಿ.

ಕಿಡ್ನಿ ಪೂರ್ತಿ ಸೋತರೆ ವಾರಕ್ಕೆ 2-3 ಸಲ, ಸಲಕ್ಕೆ ಸುಮಾರು 4 ಗಂಟೆ ಡಯಾಲಿಸಿಸ್. 2016ರಲ್ಲಿ ಶುರುವಾದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಡಿ ಬಡವರಿಗೆ ಉಚಿತ ಎಂದರೂ, ಹೋಗಿ ಬರುವ ಖರ್ಚು, ಕಳೆದುಹೋದ ಕೂಲಿ ಮನೆಯನ್ನೇ ಕುಗ್ಗಿಸುತ್ತದೆ. ಅದಕ್ಕಿಂತ ಈಗಲೇ ಎಚ್ಚರ ಸುಲಭ.

ಆದ್ದರಿಂದ ಮುಂದಿನ ವಾರದ ಸಭೆಯಲ್ಲಿ ನಿರ್ಣಯ ಪುಸ್ತಕದಲ್ಲಿ ಒಂದು ಸಾಲು ಬರೆಯಿರಿ: ನಮ್ಮ ಸದಸ್ಯರು ಕೆಲಸ ಮಾಡುವ ಜಾಗದಲ್ಲಿ ಕುಡಿಯುವ ನೀರು, ಬಾಗಿಲಿರುವ ಶೌಚಾಲಯ ಬೇಕು. ಒಬ್ಬಳೇ ಕೇಳಿದರೆ ನಾಚಿಕೆ, ಇಪ್ಪತ್ತು ಜನ ಸೇರಿ ಕೇಳಿದರೆ ಅದೇ ಧೈರ್ಯ. ಮಾಲೀಕರನ್ನು ಕೇಳಿ, ಪಂಚಾಯಿತಿಗೂ ಅರ್ಜಿ ಕೊಡಿ.