ಊರೊಟ್ಟಿನ ಗೊಬ್ಬರ ಅನಿಲ: ಪುರ ಗ್ರಾಮ ಕಲಿಸಿದ ಪಾಠ



ಹಳ್ಳಿಗೆ ಏನು ಬೇಕೆಂದು ಪಟ್ಟಣದಲ್ಲಿ ಕುಳಿತು ತೀರ್ಮಾನಿಸುವುದು ಸುಲಭ. ಆದರೆ ಅಂತಹ ಯೋಜನೆ ಹಳ್ಳಿಯಲ್ಲಿ ಬೇರೂರುವುದು ಕಷ್ಟ. ಇದಕ್ಕೆ ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಗ್ರಾಮ ಒಳ್ಳೆಯ ನಿದರ್ಶನ. 2018ರಲ್ಲಿ ಕೇಂದ್ರ ಸರ್ಕಾರವು ಗೋಬರ್‌ಧನ್ ಯೋಜನೆಯನ್ನು ಆರಂಭಿಸಿದ ಮೇಲೆ ಸಾಮೂಹಿಕ ಗೊಬ್ಬರ ಅನಿಲ ಸ್ಥಾವರಗಳ ಮಾತು ಮತ್ತೆ ಕೇಳಿಬರುತ್ತಿದೆ. ಆದ್ದರಿಂದ ಪುರದ ಅನುಭವವನ್ನು ತಿಳಿದುಕೊಳ್ಳುವುದು ಅಗತ್ಯ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ‘ಅಸ್ತ್ರ’ ಎಂಬ ವಿಭಾಗ ಆರಂಭವಾಯಿತು. ವಿಜ್ಞಾನವನ್ನು ಗ್ರಾಮಗಳಿಗೆ ಒದಗಿಸುವುದೇ ಅದರ ಉದ್ದೇಶ. ಪ್ರೊ. ಅಮೂಲ್ಯ ರೆಡ್ಡಿಯವರ ನೇತೃತ್ವದ ಈ ತಂಡವು ಪುರದಲ್ಲಿ ಊರೊಟ್ಟಿನ ಸ್ಥಾವರವನ್ನು ಕಟ್ಟಿ, ಮೊದಲು ಅಡುಗೆಗೆ ಅನಿಲ ಕೊಡಲು ಪ್ರಯತ್ನಿಸಿತು. ಪ್ರಯತ್ನ ಫಲಿಸಲಿಲ್ಲ. ದೊರೆತ ಸಗಣಿಯಿಂದ ಬಂದ ಅನಿಲ ಎಲ್ಲ ಮನೆಗಳ ಅಡುಗೆಗೆ ಸಾಲಲಿಲ್ಲ. ಮೇಲಾಗಿ, ಸೌದೆಯನ್ನು ಹೆಂಗಸರೂ ಮಕ್ಕಳೂ ದುಡ್ಡು ಕೊಡದೆ ಆಯ್ದು ತರುತ್ತಿದ್ದರು. ಊರಿನವರಿಗೆ ಮೊದಲು ಬೇಕಾಗಿದ್ದುದು ಕುಡಿಯುವ ನೀರು.

ಆಗ ಯೋಜನೆಯನ್ನೇ ಬದಲಾಯಿಸಲಾಯಿತು. 1987ರ ಸೆಪ್ಟೆಂಬರ್‌ನಿಂದ ಅನಿಲವನ್ನು ಡೀಸೆಲ್ ಇಂಜಿನ್ನಿಗೆ ಕೊಟ್ಟು ವಿದ್ಯುತ್ತನ್ನು ಉತ್ಪಾದಿಸಲಾಯಿತು. ಅನಿಲದೊಡನೆ ಸ್ವಲ್ಪ ಡೀಸೆಲ್ಲೂ ಬೇಕಾಗುತ್ತಿತ್ತು. ಈ ವಿದ್ಯುತ್ತಿನಿಂದ ಕೊಳವೆ ಬಾವಿಯ ನೀರು ತೊಟ್ಟಿಗೆ ಏರಿತು, ಬೀದಿ ನಲ್ಲಿಗಳಲ್ಲಿ ಹರಿಯಿತು. ಸಂಜೆ ಮನೆಗಳಲ್ಲಿ ಟ್ಯೂಬ್‌ಲೈಟ್ ಉರಿಯಿತು.

ಈ ವ್ಯವಸ್ಥೆಯ ಜೀವಾಳ ಲೆಕ್ಕ. ಮನೆಯವರು ತಂದ ಸಗಣಿಯನ್ನು ತೂಗಿ ಬರೆದುಕೊಳ್ಳುತ್ತಿದ್ದರು. ತಂದ ಕೂಲಿಯಾಗಿ ಕಿಲೋಗೆ 2 ಪೈಸೆ ಸಲ್ಲುತ್ತಿತ್ತು. ಅದು ಹೆಚ್ಚಾಗಿ ಹೆಂಗಸರ ಕೈಸೇರುತ್ತಿತ್ತು. ಸ್ಥಾವರದಿಂದ ಹೊರಬಂದ ಬಗ್ಗಡವನ್ನು ಮರಳಿನ ಪಾತಿಯಲ್ಲಿ ಸೋಸಿ, ಕೊಟ್ಟ ಸಗಣಿಗೆ ತಕ್ಕಂತೆ ಹಿಂದಿರುಗಿಸುತ್ತಿದ್ದರು. ಹೀಗಾಗಿ ಹೊಲದ ಗೊಬ್ಬರಕ್ಕೆ ಕುಂದಾಗಲಿಲ್ಲ. ಸಗಣಿ ಕಡಿಮೆಯಾದರೆ ನೀರು, ಬೆಳಕು ಎರಡೂ ನಿಲ್ಲುತ್ತಿದ್ದವು. ಊರಿನ ಹಿತ ಕೆಟ್ಟರೆ ತನ್ನ ಹಿತವೂ ಕೆಡುತ್ತದೆಂಬುದು ಪ್ರತಿ ಮನೆಗೂ ಕಣ್ಣಿಗೆ ಕಾಣುವಂತಿತ್ತು. ಸ್ಥಾವರ 1990ರ ದಶಕದ ಉತ್ತರಾರ್ಧದಲ್ಲಿ ನಿಂತುಹೋಯಿತಾದರೂ ಅದರ ಪಾಠ ಉಳಿದಿದೆ.

ಇಂತಹ ಕೆಲಸಕ್ಕೆ ಕೈಹಾಕುವ ಮೊದಲು ಗಮನಿಸಬೇಕಾದ ಅಂಶಗಳು ಇವು.

1. ಸಗಣಿಯ ಲೆಕ್ಕ: ಒಂದು ಘನ ಮೀಟರ್ ಅನಿಲಕ್ಕೆ ಸುಮಾರು 25ರಿಂದ 30 ಕಿಲೋ ಹಸಿ ಸಗಣಿ ಬೇಕು. ರಾಸುಗಳ ತಲೆ ಎಣಿಸಿದರೆ ಸಾಲದು. ಹಗಲೆಲ್ಲ ಮೇಯಲು ಹೋಗುವ ನಾಟಿ ರಾಸಿನಿಂದ ಕೊಟ್ಟಿಗೆಯಲ್ಲಿ ಸಿಗುವುದು ರಾತ್ರಿಯ ಸಗಣಿ ಮಾತ್ರ. ಅದನ್ನು 5 ಕಿಲೋ ಎಂದು ಹಿಡಿದರೆ, 200 ರಾಸುಗಳ ಊರಿನಲ್ಲಿ ದಿನಕ್ಕೆ 1,000 ಕಿಲೋ, ಅಂದರೆ 33ರಿಂದ 40 ಘನ ಮೀಟರ್ ಅನಿಲ. ಒಬ್ಬರ ಅಡುಗೆಗೆ ಕಾಲು ಘನ ಮೀಟರಾದರೂ ಬೇಕು. 60 ಮನೆ, 300 ಜನರಿಗೆ 75 ಘನ ಮೀಟರ್! ಈ ಕೊರತೆ ಸ್ಥಾವರ ಕಟ್ಟುವ ಮೊದಲೇ ತಿಳಿಯಬೇಕು.

2. ಬೇಡಿಕೆಯ ಲೆಕ್ಕ: ಇಂದು ಬಹುತೇಕ ಊರುಗಳಿಗೆ ವಿದ್ಯುತ್ ತಂತಿ ಬಂದಿದೆ. ಆದ್ದರಿಂದ ಪುರದ ಬೇಡಿಕೆಯೇ ಎಲ್ಲ ಊರಿನ ಬೇಡಿಕೆಯೆಂದು ಭಾವಿಸಬಾರದು. ಒಂದೂರಿಗೆ ಹಿಟ್ಟಿನ ಗಿರಣಿ, ಇನ್ನೊಂದಕ್ಕೆ ಹಾಲಿನ ಸಂಘದ ಶೀತಲೀಕರಣ ಘಟಕ ಮುಖ್ಯವಾಗಬಹುದು. ಸಭೆಯಲ್ಲಿ ಹೆಂಗಸರ ಅಭಿಪ್ರಾಯವನ್ನು ತಪ್ಪದೆ ಕೇಳಬೇಕು. ನೀರು, ಸೌದೆ, ಸಗಣಿಯ ಕೆಲಸ ಹೆಚ್ಚಾಗಿ ಬೀಳುವುದು ಅವರ ಮೇಲೆ.

3. ಬಗ್ಗಡದ ಬಳಕೆ: ಬಗ್ಗಡವನ್ನು ಬಿಸಿಲಿನಲ್ಲಿ ಒಣಗಿಸಿದರೆ ಸಾರಜನಕದ ಒಂದು ಭಾಗ ಗಾಳಿಗೆ ಹೋಗುತ್ತದೆ. ಹಸಿಯಾಗಿಯೇ ಹೊಲಕ್ಕೆ ಹಾಕಿ ಕೂಡಲೇ ಮಣ್ಣಿನಲ್ಲಿ ಬೆರೆಸಬೇಕು. ಇಲ್ಲವಾದರೆ ಗುಂಡಿಯಲ್ಲಿ ಕಸಕಡ್ಡಿ, ತರಗೆಲೆಗಳೊಡನೆ ಪದರ ಪದರವಾಗಿ ಹಾಕಿ ಕಾಂಪೋಸ್ಟ್ ಮಾಡಬೇಕು.

4. ಹಣದ ಲೆಕ್ಕ: ರಿಪೇರಿಗೆ ಪ್ರತಿ ತಿಂಗಳೂ ಹಣ ತೆಗೆದಿಡಬೇಕು. ಇಂಜಿನ್ ನಡೆಸಲು ಊರಿನ ಇಬ್ಬರು ಯುವಕರಿಗೆ ತರಬೇತಿ ಕೊಡಿಸಬೇಕು. ಜಮಾ ಖರ್ಚನ್ನು ಎಲ್ಲರೆದುರು ಓದಬೇಕು.

ವಿಸ್ತರಣಾ ಕಾರ್ಯಕರ್ತರು ನಕ್ಷೆ, ಸಹಾಯಧನದ ಅರ್ಜಿಗಳನ್ನು ಒಯ್ಯುವ ಮೊದಲು ಒಂದು ತಕ್ಕಡಿಯನ್ನು ಊರಿಗೆ ಒಯ್ಯಲಿ. ಮಳೆಗಾಲದಲ್ಲಿ ಒಂದು ವಾರ, ಬೇಸಿಗೆಯಲ್ಲಿ ಒಂದು ವಾರ ಮನೆಮನೆಯ ಸಗಣಿಯನ್ನು ತೂಗಲಿ. ಆ ತೂಕಕ್ಕೆ ಒಪ್ಪುವ ಸ್ಥಾವರವನ್ನಷ್ಟೇ ಕಟ್ಟಿದರೆ, ಅದು ಉದ್ಘಾಟನೆಯಾದ ಮೇಲೂ ನಡೆದೀತು.