ಬೋಲ್ಟು ತಾನಾಗಿ ಕೂರಬೇಕು

(ವಾರ್ಷಿಕ ಸಹಾಯಾರ್ಥ ಭೋಜನಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



"ಸಾಫ್ಟ್‌ವೇರ್‌ನವರಾಗಿ ಕಬ್ಬಿಣದ ಅಂಗಡಿ ಯಾಕೆ ತೆರೆದಿರಿ? ಅದರ ಬಗ್ಗೆ ಹತ್ತು ನಿಮಿಷ ಮಾತಾಡಿ" ಎಂದು ಸಂಘಟಕರು ಕೇಳಿದರು. ನಿಜ ಹೇಳಬೇಕೆಂದರೆ ಈ ಪ್ರಶ್ನೆಯನ್ನು ಮೊದಲು ಕೇಳಿದವಳು ನನ್ನ ಹೆಂಡತಿ. ಬಾಥೆಲ್‌ನಲ್ಲಿರುವ ನಮ್ಮ ಮನೆಯ ಗ್ಯಾರೇಜಿನಲ್ಲಿ ಕಾರಿಗೆ ಜಾಗವಿಲ್ಲ. ಅಲ್ಲಿರುವುದು ಕಬ್ಬಿಣದ ತಟ್ಟೆಗಳು, ರಟ್ಟಿನ ಪೆಟ್ಟಿಗೆಗಳು, ಒಂದು ಮೂಲೆಯಲ್ಲಿ ಕಾಸ್ಟ್‌ಕೋ ಅಕ್ಕಿ ಮೂಟೆ.

ಈ ಹುಚ್ಚಿಗೆ ಮೂಲ ನನ್ನ ಸೋದರಮಾವ. ಸಕಲೇಶಪುರದ ಹತ್ತಿರ ಒಂದು ಕಾಫಿ ತೋಟದಲ್ಲಿ ಅವರು ಜೀಪ್ ಡ್ರೈವರ್ ಆಗಿದ್ದರು. ಮಹೀಂದ್ರದವರು ನಮ್ಮ ದೇಶದಲ್ಲಿ ಜೋಡಿಸಲು ಶುರುಮಾಡಿದರಲ್ಲ, ಆ ವಿಲ್ಲೀಸ್ ವಂಶದ ಗಾಡಿ. ಮಲೆನಾಡಿನ ಮಳೆಗಾಲದಲ್ಲಿ ತೋಟದ ದಾರಿ ಹಳ್ಳವಾಗುತ್ತದೆ. ನೀರಿನಡಿಯ ಕಲ್ಲು ಕಾಣುವುದಿಲ್ಲ. ಅದು ಆಯಿಲ್ ಚೇಂಬರಿಗೆ ಬಡಿದರೆ ಎಣ್ಣೆಯೆಲ್ಲ ಸೋರಿ ಇಂಜಿನ್ ಕಚ್ಚಿಕೊಳ್ಳುತ್ತದೆ. ಹಾಗಾಗಿ ಮಾವ ಗ್ಯಾರೇಜಿನಲ್ಲಿ ಒಂದು ದಪ್ಪ ತಗಡು ಕತ್ತರಿಸಿಸಿ ಚೇಂಬರಿನ ಕೆಳಗೆ ಹಾಕಿದ್ದರು. ರಜೆಯಲ್ಲಿ ಹೋದಾಗ ಸ್ಪ್ಯಾನರ್ ಎತ್ತಿಕೊಡುವ ಕೆಲಸ ನನ್ನದು. ಒಮ್ಮೆ ತಗಡಿನ ತೂತೂ ಚಾಸಿಯ ತೂತೂ ಹೊಂದಲಿಲ್ಲ. "ಸುತ್ತಿಗೇಲಿ ಹೊಡೀರಿ ಮಾವ" ಅಂದೆ. ಅವರು, "ಬೋಲ್ಟು ತಾನಾಗಿ ಕೂರಬೇಕು ಕಣೋ ಮರಿ. ಹೊಡೆದು ಕೂರಿಸಿದ್ದು ಘಾಟಿಯಲ್ಲಿ ಕೈಕೊಡುತ್ತೆ" ಅಂದರು.

ಆ ತಗಡಿಗೆ ಇಲ್ಲಿ ಸ್ಕಿಡ್ ಪ್ಲೇಟ್ ಎನ್ನುತ್ತಾರೆಂದು ಗೊತ್ತಾದದ್ದು 2006ರಲ್ಲಿ ನಾನು ಸಿಯಾಟಲ್‌ಗೆ ಬಂದ ಮೇಲೆ. ಆಫೀಸಿನ ಗೆಳೆಯನೊಬ್ಬ ನ್ಯಾಚಸ್ ಟ್ರೇಲ್‌ಗೆ ಕರೆದುಕೊಂಡು ಹೋದ. 1853ರಲ್ಲಿ ವಲಸೆ ಬಂದ ಕುಟುಂಬಗಳು ಎತ್ತಿನ ಗಾಡಿಗಳಲ್ಲಿ ಕ್ಯಾಸ್ಕೇಡ್ ಪರ್ವತ ದಾಟಿದ ದಾರಿ ಅದು. ಕಡಿದಾದ ಒಂದು ಜಾಗದಲ್ಲಿ ಗಾಡಿಗಳನ್ನು ಹಗ್ಗ ಕಟ್ಟಿ ಇಳಿಸಿದರಂತೆ. ಹಗ್ಗ ಸಾಲದೆ ಎತ್ತುಗಳನ್ನೇ ಕೊಂದು ತೊಗಲಿನ ಹಗ್ಗ ಹೊಸೆದರೆಂದು ಹೇಳುತ್ತಾರೆ. ಈಗ ಅಲ್ಲಿ ಜೀಪುಗಳು ಓಡುತ್ತವೆ. ಕಲ್ಲಿಗೆ ಗಾಡಿಯ ಹೊಟ್ಟೆ ಉಜ್ಜಿದ ಸದ್ದು ಕೇಳಿದಾಗ ನನಗೆ ಸಕಲೇಶಪುರವೇ ನೆನಪಾಯಿತು.

ಅಂಗಡಿಯ ಆಸೆ ಹುಟ್ಟಿದ್ದು ಅಂದೇ. ಆದರೆ ಎಚ್-1ಬಿಯಲ್ಲಿರುವವರು ವೀಸಾ ಕೊಡಿಸಿದ ಕಂಪನಿ ಬಿಟ್ಟು ಬೇರೆ ಕೆಲಸ ಮಾಡುವಂತಿಲ್ಲ. ಈ ಸಭೆಯಲ್ಲಿ ಅದನ್ನು ವಿವರಿಸಬೇಕಾಗಿಲ್ಲ! ಗ್ರೀನ್ ಕಾರ್ಡ್ ಬಂದದ್ದು 2018ರಲ್ಲಿ. ಕಂಪನಿಯ ಲಿಖಿತ ಒಪ್ಪಿಗೆ ಪಡೆದು, ಅದೇ ಗೆಳೆಯನ ಜೊತೆ 2019ರಲ್ಲಿ ಅಂಗಡಿ ತೆರೆದೆ. ಎವರೆಟ್ ಹತ್ತಿರದ ಒಂದು ಸಣ್ಣ ಕಾರ್ಖಾನೆ ಮಾಲು ಮಾಡಿಕೊಡುತ್ತದೆ. ಗ್ಯಾರೇಜಿನಿಂದ ನಾವು ಕಳಿಸುತ್ತೇವೆ.

ಗ್ಯಾರೇಜ್ ಎಂದರೆ ಈ ಊರಿನಲ್ಲಿ ಎಲ್ಲರಿಗೂ ಅಮೆಜಾನ್ ನೆನಪಾಗುತ್ತದೆ. ಅದು 1994ರಲ್ಲಿ ಪಕ್ಕದ ಬೆಲ್ವ್ಯೂನ ಬಾಡಿಗೆ ಮನೆಯೊಂದರ ಗ್ಯಾರೇಜಿನಲ್ಲೇ ಹುಟ್ಟಿದ್ದು, 1995ರ ಜುಲೈನಲ್ಲಿ ಗಿರಾಕಿಗಳಿಗೆ ಬಾಗಿಲು ತೆರೆದದ್ದು. ಆದರೆ ಅವರು ಮಾರಿದ್ದು ಪುಸ್ತಕ. ಪುಸ್ತಕ ಎಲ್ಲರ ಕೈಗೂ ಹೊಂದುತ್ತದೆ. ಕಬ್ಬಿಣ ಹಾಗಲ್ಲ, ಒಂದು ಗಾಡಿಯದು ಇನ್ನೊಂದಕ್ಕೆ ಆಗುವುದಿಲ್ಲ. ಜೊತೆಗೆ ಭಾರ. ಪೊಟ್ಟಣ 150 ಪೌಂಡ್ ಮೀರಿದರೆ ಯುಪಿಎಸ್ ಮಾಮೂಲು ಪಾರ್ಸೆಲ್ ಎಂದು ತೆಗೆದುಕೊಳ್ಳುವುದಿಲ್ಲ, ಲಾರಿಗೆ ಹಾಕಬೇಕು. ವಾಷಿಂಗ್ಟನ್ ರಾಜ್ಯ ಲಾಭದ ಮೇಲಲ್ಲ, ಒಟ್ಟು ವ್ಯಾಪಾರದ ಮೇಲೆ ತೆರಿಗೆ ಹಾಕುತ್ತದೆ. ಹೊರದೇಶದ ಉಕ್ಕಿಗೆ 2018ರಲ್ಲಿ 25 ಶೇಕಡಾ ಸುಂಕ ಬಿತ್ತು, 2025ರ ಜೂನ್‌ನಲ್ಲಿ ಅದು 50 ಆಯಿತು. ಇಲ್ಲಿನ ಉಕ್ಕಿನ ಬೆಲೆಯೂ ಜೊತೆಗೇ ಏರಿತು. ಇವೆಲ್ಲ ಲೆಕ್ಕದ ಕಷ್ಟಗಳು, ಕೂಡಿ ಕಳೆದರೆ ಮುಗಿಯಿತು. ನಾನು ಹೇಳಬೇಕೆಂದಿರುವುದು ಬೇರೆ ಕಷ್ಟ.

ನಾವು ರಾಕ್ ಸ್ಲೈಡರ್ ಎಂಬ ವಸ್ತು ಮಾರುತ್ತೇವೆ. ನೋಡಲು ಬಾಗಿಲ ಕೆಳಗಿನ ಮೆಟ್ಟಿಲ ಹಾಗಿರುತ್ತದೆ, ಆದರೆ ಮೆಟ್ಟಿಲಲ್ಲ. ಮೆಟ್ಟಿಲು ಮನುಷ್ಯನ ಭಾರ ಹೊತ್ತರೆ ಸಾಕು. ಸ್ಲೈಡರನ್ನು ಚಾಸಿಗೇ ಬಿಗಿಯುತ್ತಾರೆ, ಗಾಡಿ ಬಂಡೆಯ ಮೇಲೆ ಕೂತರೆ ಗಾಡಿಯ ಭಾರವನ್ನೇ ಅದು ಹೊರಬೇಕು. ನಮ್ಮದು ಜೀಪ್ ರ್‍ಯಾಂಗ್ಲರ್‌ನ ಹೊಸ ಮಾದರಿಗೆ, ಅಂದರೆ ಜೆಎಲ್‌ಗೆ, ಮಾಡಿದ ಸ್ಲೈಡರ್. ಅಂಗಡಿಯ ಸಾಫ್ಟ್‌ವೇರ್ ಬರೆದವನು ನಾನೇ. ಗಿರಾಕಿಯ ಗಾಡಿ ಯಾವ ವರ್ಷದ್ದು ಎಂದು ಕೇಳಿ, 2018 ಅಥವಾ ಆಮೇಲಿನದಾದರೆ "ನಿಮ್ಮ ಗಾಡಿಗೆ ಸರಿಹೊಂದುತ್ತದೆ" ಎಂದು ಹಸಿರು ಗುರುತು ತೋರಿಸುವಂತೆ ಬರೆದಿದ್ದೆ. 2018ರಲ್ಲಿ ಕಂಪನಿ ಹಳೆಯ ಜೆಕೆ, ಹೊಸ ಜೆಎಲ್ ಎರಡನ್ನೂ ಮಾರಿತ್ತು. ವರ್ಷ ಒಂದೇ, ಗಾಡಿ ಎರಡು, ಚಾಸಿಯ ತೂತು ಬೇರೆ ಬೇರೆ. ಇಪ್ಪತ್ತು ವರ್ಷ ಡೇಟಾಬೇಸ್ ಜೊತೆ ಬಾಳಿದವನು, ಎಂಎಸ್ ಮಾಡಿದವನು, ಇಷ್ಟನ್ನು ನೋಡಿರಲಿಲ್ಲ.

2020ರ ಸೆಪ್ಟೆಂಬರಿನಲ್ಲಿ ಇಬ್ಬರು ಗಿರಾಕಿಗಳು ಫೋನ್ ಮಾಡಿದಾಗ ತಪ್ಪು ತಿಳಿಯಿತು. "ಆ ಇಬ್ಬರಿಗೆ ದುಡ್ಡು ವಾಪಸ್ ಕೊಡೋಣ. ಉಳಿದವರಿಗೆ ಸರಿಹೋಗಿರಬೇಕು, ಇಲ್ಲದಿದ್ದರೆ ಕೇಳುತ್ತಿದ್ದರು" ಎಂದ ಗೆಳೆಯ. ನನಗೂ ಹಾಗೇ ಅನ್ನಿಸಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಆದರೆ ಪೊಟ್ಟಣ ಕಟ್ಟುತ್ತಿದ್ದವಳು ನನ್ನ ಹೆಂಡತಿ. ಅವಳು ಪಟ್ಟಿ ತಂದು ಮೇಜಿನ ಮೇಲಿಟ್ಟಳು. "2018 ಅಂತ ಹದಿನಾಲ್ಕು ಜನ ಇದ್ದಾರೆ. ಎಲ್ಲರಿಗೂ ಫೋನ್ ಮಾಡಿ. ಕೇಳದೇ ಇರೋರೇ ಹೊಡೆದು ಕೂರಿಸಿರ್ತಾರೆ." ಮಾವನ ಮಾತು ಅವಳಿಗೂ ಗೊತ್ತಿತ್ತು.

ಹದಿನಾಲ್ಕರಲ್ಲಿ ಐವರದು ಜೆಕೆ. ನಾಲ್ವರು ಇನ್ನೂ ಹಾಕಿರಲಿಲ್ಲ. ಐದನೆಯವರು ಯಾಕಿಮಾದ ಹಿರಿಯರು. ಡ್ರಿಲ್ ಹಾಕಿ ತೂತು ಅಗಲ ಮಾಡಿ ಕೂರಿಸಿಯೇಬಿಟ್ಟಿದ್ದರು. "ಗಟ್ಟಿಯಾಗಿದೆ ಬಿಡಿ, ಮುಂದಿನ ವಾರ ಮೊಮ್ಮಗನ ಜೊತೆ ನ್ಯಾಚಸ್‌ಗೆ ಹೋಗ್ತಿದ್ದೀನಿ" ಎಂದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಶನಿವಾರ ಬೆಳಿಗ್ಗೆ ಸ್ನೊಕ್ವಾಲ್ಮಿ ಪಾಸ್ ದಾಟಿ ಅವರ ಮನೆಗೆ ಹೋದೆ. ಅವರಿಗೆ ಅಷ್ಟೇನೂ ಸಂತೋಷವಾಗಲಿಲ್ಲ. ಸ್ಲೈಡರ್ ಕೆಳಗೆ ಜಾಕ್ ಕೊಟ್ಟು ಮೆಲ್ಲಗೆ ಎತ್ತಿದೆವು. ಗಾಡಿ ಏಳುವ ಮೊದಲೇ ಟಕ್ಕೆಂದು ಬೋಲ್ಟು ಜಾರಿತು. ಅವರು ಕೆಳಗೆ ಬಗ್ಗಿ, ಆ ಸಂದಿನಲ್ಲಿ ಬೆರಳಿಟ್ಟು ನೋಡಿದರು. ಏನೂ ಹೇಳಲಿಲ್ಲ. ಇಬ್ಬರೂ ಸೇರಿ ಎರಡೂ ಕಡೆಯದನ್ನು ಬಿಚ್ಚಿದೆವು. ಹೊರಡುವಾಗ ಒಂದು ಪೆಟ್ಟಿಗೆ ಸೇಬು ತಂದು ನನ್ನ ಕಾರಿನಲ್ಲಿಟ್ಟರು.

ಹಣ ವಾಪಸ್, ಸಾಗಣೆ ವೆಚ್ಚ ಎಲ್ಲ ಸೇರಿ ಆ ವರ್ಷದ ಲಾಭ ಪೂರ್ತಿ ಹೋಯಿತು. ಈಗ 2018 ಎಂದು ಬರೆದವರಿಗೆ ನಮ್ಮ ಅಂಗಡಿ ಇನ್ನೊಂದು ಪ್ರಶ್ನೆ ಕೇಳುತ್ತದೆ: "ನಿಮ್ಮ ಗಾಡಿಯ ಮುಂದಿನ ತಿರುವಿನ ದೀಪ ಎಲ್ಲಿದೆ?" ಜಾಲರಿಯ ಮೇಲಿದ್ದರೆ ಜೆಕೆ, ಮಡ್‌ಗಾರ್ಡ್ ಮೇಲಿದ್ದರೆ ಜೆಎಲ್. ಬರೆಯಲು ಅರ್ಧ ಗಂಟೆ ಹಿಡಿಯಿತು.

ನಮ್ಮಲ್ಲಿ ಅನೇಕ ಯುವಕರು ಸ್ವಂತ ವ್ಯಾಪಾರದ ಕನಸು ಕಾಣುತ್ತಿದ್ದೀರಿ. ಕಾಣಿರಿ. ಆನ್‌ಲೈನ್ ಅಂಗಡಿ ತೆರೆಯಲು ಒಂದು ವಾರಾಂತ್ಯ ಸಾಕು. ಆದರೆ "ಸರಿಹೊಂದುತ್ತದೆ" ಎಂಬ ಒಂದು ಪದ ಬರೆಯುವ ಮೊದಲು, ಅದನ್ನು ನಂಬಿ ಗಾಡಿಯಲ್ಲಿ ಕೂರುವ ಮೊಮ್ಮಗನೊಬ್ಬ ಇದ್ದಾನೆ ಎಂದು ನೆನಪಿಡಿ. ಗಿರಾಕಿಯ ಮುಖ ನಮಗೆ ಕಾಣುವುದಿಲ್ಲ, ಹಾಗಾಗಿ ಈ ವ್ಯಾಪಾರದಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು.

ಕೊನೆಗೊಂದು ಮಾತು. ನಮ್ಮ ಮೊದಲ ಸ್ಕಿಡ್ ಪ್ಲೇಟ್ ತಯಾರಾದಾಗ ಅದರ ಫೋಟೋವನ್ನು ವಾಟ್ಸಾಪ್‌ನಲ್ಲಿ ಮಾವನಿಗೆ ಕಳಿಸಿದ್ದೆ. ಹೊಳೆಯುವ ಕಪ್ಪು ಬಣ್ಣ, ಲೇಸರಿನಲ್ಲಿ ಕೊರೆದ ಹೆಸರು, ಎಲ್ಲ ಇತ್ತು. ಹೊಗಳುತ್ತಾರೆಂದು ಕಾದೆ. ಮಾವ ಫೋನ್ ಮಾಡಿ ಕೇಳಿದ್ದು ಒಂದೇ: "ಎಣ್ಣೆ ಬಿಡೋಕೆ ತೂತು ಇಟ್ಟಿದ್ದೀಯೇನೋ?"

ಇಟ್ಟಿದ್ದೆವು. ಅಷ್ಟು ಮಾತ್ರ ಸರಿಯಾಗಿ ಮಾಡಿದ್ದೆವು.