ಕೊಡಕ್ಕೆ ಜಾತಿ ಇಲ್ಲ



ಇವತ್ತು ನಾವು ‘ನೀರು’ ಅಂತ ಬರೆದೆವು. ಎರಡೇ ಅಕ್ಷರ. ಬರೆಯೋದು ಸುಲಭ. ಚೊಲೊ ನೀರು ತರೋದು ಎಷ್ಟು ಕಷ್ಟ ಅಂತ ಕೊಡ ಹೊತ್ತ ಅಕ್ಕಂದಿರಿಗೆ ಗೊತ್ತು.

ನಮ್ಮ ಗದಗ ಜಿಲ್ಲೆಯಲ್ಲಿ ಮಳೆ ಕಡಿಮೆ. ಮುಂಡರಗಿ ಕಡೆ ಎಷ್ಟೋ ಊರುಗಳ ಬೋರಿನ ನೀರಿನಲ್ಲಿ ಫ್ಲೋರೈಡ್ ಇದೆ. ಅದು ಕಣ್ಣಿಗೆ ಕಾಣೋದಿಲ್ಲ. ನಾಲಿಗೆಗೆ ತಿಳಿಯೋದಿಲ್ಲ. ಒಂದು ಲೀಟರ್ ನೀರಿನಲ್ಲಿ 1.5 ಮಿಲಿಗ್ರಾಂಗಿಂತ ಹೆಚ್ಚಿದ್ದರೆ ಆ ನೀರು ಕುಡಿಯಬಾರದು. ದಿನವೂ ಕುಡಿದರೆ ಮಕ್ಕಳ ಹಲ್ಲಿಗೆ ಕಂದು ಕಲೆ ಬೀಳುತ್ತದೆ. ವರ್ಷಗಟ್ಟಲೆ ಕುಡಿದರೆ ಎಲುಬು, ಕೀಲು ಬಿಗಿಯುತ್ತವೆ. ನೀರು ಕಾಸಿದರೆ ರೋಗಾಣು ಸಾಯುತ್ತವೆ. ಆದರೆ ಫ್ಲೋರೈಡ್ ಹೋಗೋದಿಲ್ಲ.

ನೋಡ್ರಿ, ಈ ಕಲೆ ‘ನೀ ಯಾವ ದೇವರಿಗೆ ಕೈ ಮುಗಿತಿ’ ಅಂತ ಕೇಳಿ ಬರತದೇನು? ಇಲ್ಲ. ಹಾಗಾದರೆ ನೀರು ಕಾಯೋ ಕೆಲಸವೂ ಒಬ್ಬರದಲ್ಲ.

ಕೂಡಿ ಬಾಳೋದು ನಮಗೆ ಹೊಸದಲ್ಲ. ಶಿರಹಟ್ಟಿಯ ಫಕೀರೇಶ್ವರ ಮಠಕ್ಕೆ ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುತ್ತಾರೆ. ಲಕ್ಷ್ಮೇಶ್ವರದಲ್ಲಿ ಸೋಮೇಶ್ವರ ಗುಡಿ, ಶಂಖ ಬಸದಿ, ಜುಮ್ಮಾ ಮಸೀದಿ ಮೂರೂ ಇವೆ. ಬೆಟಗೇರಿಯಲ್ಲಿ ಚರ್ಚ್ ಇದೆ. ಕುಡಿಯುವ ನೀರು ಮಾತ್ರ ಎಲ್ಲರಿಗೂ ಒಂದೇ.

ಕಪ್ಪತಗುಡ್ಡದ ಮಾತು ಕೇಳ್ರಿ. ಅದು ಗದಗ, ಮುಂಡರಗಿ, ಶಿರಹಟ್ಟಿ ಸೀಮೆಯ ಗುಡ್ಡ. ಅಲ್ಲಿ ಗಿಡ-ಮರ ಇದ್ದರೆ ಮಳೆ ನೀರು ನೆಲದೊಳಗೆ ಇಂಗುತ್ತದೆ. ಹಳ್ಳ, ಬಾವಿಗೆ ಜೀವ ಬರುತ್ತದೆ. ಗುಡ್ಡ ಅಗೆದರೆ ನೀರಿನ ದಾರಿ ಕೆಡುತ್ತದೆ. 2015ರಲ್ಲಿ ಸರ್ಕಾರ ಗುಡ್ಡಕ್ಕೆ ರಕ್ಷಣೆ ಕೊಟ್ಟಿತು. 2016ರಲ್ಲಿ ಹಿಂದಕ್ಕೆ ತೆಗೆದುಕೊಂಡಿತು. ಆಗ ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು ಜನರ ಜೊತೆ ಧರಣಿ ಕೂತರು. ಕೋಮು ಸೌಹಾರ್ದಕ್ಕಾಗಿ ರಾಷ್ಟ್ರೀಯ ಪ್ರಶಸ್ತಿ ಪಡೆದವರು ಅವರು. 2017ರಲ್ಲಿ ರಕ್ಷಣೆ ಮರಳಿ ಬಂತು. 2019ರಲ್ಲಿ ಗುಡ್ಡ ವನ್ಯಜೀವಿ ಧಾಮವಾಯಿತು. ಒಬ್ಬರೇ ಕೂಗಿದ್ದರೆ ಇದು ಆಗುತ್ತಿತ್ತೆ?

ನಮ್ಮಲ್ಲಿ ತಪ್ಪೂ ಇದೆ. ಒಂದು ಕಾಲಕ್ಕೆ ದಲಿತರನ್ನು ಬಾವಿಕಟ್ಟೆ ಹತ್ತಗೊಡಲಿಲ್ಲ. 1955ರಿಂದ ಅದು ಕಾನೂನಿನ ಪ್ರಕಾರ ಅಪರಾಧ. ಒಬ್ಬರನ್ನು ದೂರ ನಿಲ್ಲಿಸಿ ನೀರು ಕಾಯ್ತೀವಿ ಅಂದರೆ ಆ ಮಾತು ಸುಳ್ಳು.

ಈಗ ನಾವೇನು ಮಾಡೋಣ? ನೀರು ಪರೀಕ್ಷೆ ಮಾಡಿಸಿರಿ ಅಂತ ಗ್ರಾಮ ಪಂಚಾಯ್ತಿಗೆ ಅರ್ಜಿ ಬರೆಯೋಣ. ಈಗ ನಮಗೆ ಬರೆಯಲು ಬರುತ್ತದೆ! ಅರ್ಜಿಗೆ ಎಲ್ಲ ಓಣಿಯವರೂ ಸಹಿ ಹಾಕೋಣ. ಕೆಟ್ಟ ಬೋರಿನ ಮೇಲೆ ‘ಕುಡಿಯಬೇಡಿ’ ಅಂತ ದೊಡ್ಡಕ್ಷರದಲ್ಲಿ ಬರೆಯೋಣ. ಕೆರೆ-ಬಾವಿಯ ಹತ್ತಿರ ದನ ತೊಳೆಯೋದು, ಕಸ ಚೆಲ್ಲೋದು ಬಿಡೋಣ. ಗುಡಿಯ ಹಿರಿಯರು, ಮಸೀದಿಯ ಮೌಲ್ವಿಗಳು, ಚರ್ಚಿನ ಪಾದ್ರಿಗಳು ಇದೇ ಮಾತನ್ನು ತಮ್ಮ ತಮ್ಮ ಜನಕ್ಕೆ ಹೇಳಲಿ.

ಬರ್ರಿ, ಕೂಡಿ ಓದೋಣ:

ಕೆರೆ ನಮ್ಮದು. ಬಾವಿ ನಮ್ಮದು. ಕಾಯುವ ಕೈಯೂ ನಮ್ಮದು.